ಕಸಿಯಾದ ಅಂಗ ಚೆನ್ನಾಗಿದೆ, ಮೆದುಳಿನ ಕಡೆ ನೋಡುತ್ತಿರುವವರು ಯಾರು?

ಅಂಗಾಂಗ ಕಸಿ ಯಶಸ್ವಿಯಾಯಿತೇ ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಕಸಿಯಾದ ಅಂಗದ ಬಗ್ಗೆಯೇ ಇರುತ್ತದೆ. ಕಿಡ್ನಿಯಾದರೆ ಕ್ರಿಯಾಟಿನಿನ್ ಎಷ್ಟಕ್ಕೆ ಇಳಿಯಿತು, ಲಿವರ್ ಆದರೆ ಬಿಲಿರುಬಿನ್ ಎಷ್ಟಿದೆ, ಹೃದಯವಾದರೆ ಎಕೋದಲ್ಲಿ ಏನು ಕಂಡಿತು. ಹೊಸ ಅಂಗ ಕೆಲಸ ಮಾಡದಿದ್ದರೆ ಮಿಕ್ಕ ಮಾತಿಗೆ ಅರ್ಥವಿಲ್ಲವಾದ್ದರಿಂದ ಆ ಕಾಳಜಿ ಸರಿಯೇ. ಆದರೆ ಅದೇ ದಿನಗಳಲ್ಲಿ ರೋಗಿಯ ಕೈ ನಡುಗಿ ಲೋಟದ ನೀರು ತುಳುಕುತ್ತಿರಬಹುದು. ರಾತ್ರಿಯೆಲ್ಲ ನಿದ್ದೆ ಹತ್ತದೆ ಗೋಡೆಯ ಮೇಲೆ ಇಲ್ಲದ್ದು ಕಾಣುತ್ತಿರಬಹುದು. ಗೊತ್ತಿರುವ ಹೆಸರೇ ನಾಲಗೆಗೆ ಬಾರದೆ ತಡವರಿಸುತ್ತಿರಬಹುದು. ದೊಡ್ಡ ಆಪರೇಷನ್ ಆಗಿದೆ, ನಿಶ್ಶಕ್ತಿ ಇದ್ದೇ ಇರುತ್ತದೆ ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ರೋಗಿಯೂ ಹಾಗೇ ಅಂದುಕೊಂಡು ಡಾಕ್ಟರಿಗೆ ಹೇಳುವುದೇ ಇಲ್ಲ.

ಕಿಡ್ನಿ, ಲಿವರ್, ಹೃದಯ, ಶ್ವಾಸಕೋಶಗಳ ಕಸಿಯಾದವರಲ್ಲಿ ಶೇಕಡಾ 30ರಿಂದ 60ರಷ್ಟು ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ನರಮಂಡಲದ ತೊಂದರೆ ಕಾಣಿಸಿಕೊಳ್ಳುತ್ತದೆ ಎಂಬ ಅಂದಾಜು ವೈದ್ಯಕೀಯ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸಣ್ಣ ನಡುಕವನ್ನೂ ಎಣಿಸಿದರೆ ಸಂಖ್ಯೆ ಮೇಲೇರುತ್ತದೆ, ಫಿಟ್ಸ್, ಪಾರ್ಶ್ವವಾಯು, ಮೆದುಳಿನ ಸೋಂಕುಗಳನ್ನು ಮಾತ್ರ ಎಣಿಸಿದರೆ ಇಳಿಯುತ್ತದೆ. ಹೇಗೆ ಎಣಿಸಿದರೂ ಇದು ಅಪರೂಪದ ಸಂಗತಿಯಲ್ಲ. ಇಷ್ಟು ಸಾಮಾನ್ಯವಾದ ತೊಂದರೆ ಹಲವರಲ್ಲಿ ತಡವಾಗಿ ಪತ್ತೆಯಾಗುವುದಕ್ಕೆ ಒಂದು ಕಾರಣವಿದೆ. ಬೇರೆ ರೋಗಿಗಳಲ್ಲಿ ನಾವು ಕಣ್ಣುಮುಚ್ಚಿ ನಂಬುವ ಸೂಚಕಗಳನ್ನು ಇವರಲ್ಲಿ ನಂಬುವಂತಿಲ್ಲ. ಜ್ವರ ಇಲ್ಲದಿರಬಹುದು, ಕತ್ತು ಬಿಗಿಯದಿರಬಹುದು, ರಕ್ತದಲ್ಲಿ ಔಷಧದ ಮಟ್ಟ ಸರಿಯಾಗಿಯೇ ಇರಬಹುದು, ಮೊದಲ ಸ್ಕ್ಯಾನ್‌ನಲ್ಲಿ ಏನೂ ಕಾಣದಿರಬಹುದು. ಇವೆಲ್ಲ ಸಹಜವಾಗಿದ್ದಾಗಲೂ ಒಳಗೆ ಮೆದುಳಿಗೆ ಪೆಟ್ಟು ಬೀಳುತ್ತಿರಬಹುದು.

ಅಂಗವನ್ನು ಕಾಯುವ ಔಷಧವೇ

1954ರ ಡಿಸೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಮತ್ತು ಸಂಗಡಿಗರು ಮಾಡಿದ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆದದ್ದು ತದ್ರೂಪಿ ಅವಳಿಗಳ ನಡುವೆ. ಇಬ್ಬರ ದೇಹವೂ ಒಂದೇ ಬಗೆಯದಾದ್ದರಿಂದ ಹೊಸ ಕಿಡ್ನಿಯನ್ನು ದೇಹ ಪರಕೀಯವೆಂದು ಕಾಣಲಿಲ್ಲ, ರೋಗನಿರೋಧಕ ಶಕ್ತಿಯನ್ನು ಅಡಗಿಸುವ ಔಷಧವೂ ಬೇಕಾಗಲಿಲ್ಲ. ಅವಳಿಯಲ್ಲದ ದಾನಿಯಿಂದ ಅಂಗ ಪಡೆದವರ ಬದುಕು ನಿಜಕ್ಕೂ ಬದಲಾದದ್ದು ಸೈಕ್ಲೋಸ್ಪೊರಿನ್ ಬಂದ ಮೇಲೆ. ನಾರ್ವೆಯ ಮಣ್ಣಿನ ಶಿಲೀಂಧ್ರವೊಂದರಿಂದ ಸಿಕ್ಕ ಈ ಔಷಧಕ್ಕೆ 1983ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಮರುವರ್ಷವೇ ಜಪಾನಿನ ತ್ಸುಕುಬಾದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾವೊಂದರಲ್ಲಿ ಟ್ಯಾಕ್ರೋಲಿಮಸ್ ಪತ್ತೆಯಾಯಿತು. 1994ರಲ್ಲಿ ಲಿವರ್ ಕಸಿಗೆ ಅನುಮತಿ ಪಡೆದ ಅದು ಇಂದು ಬಹುತೇಕ ಕಸಿಗಳ ಮುಖ್ಯ ಔಷಧ.

ಎರಡೂ ಔಷಧಗಳು ತಡೆಯುವುದು ಕ್ಯಾಲ್ಸಿನ್ಯೂರಿನ್ ಎಂಬ ಒಂದೇ ಕಿಣ್ವವನ್ನು. ಹೊಸ ಅಂಗದ ಮೇಲೆ ದಾಳಿ ಮಾಡಬಲ್ಲ ಟಿ ಜೀವಕೋಶಗಳು ಎಚ್ಚೆತ್ತು ಸಂಖ್ಯೆಯಲ್ಲಿ ಬೆಳೆಯಬೇಕಾದರೆ ಈ ಕಿಣ್ವ ಕೆಲಸ ಮಾಡಬೇಕು. ಅದನ್ನು ಕಟ್ಟಿಹಾಕಿದರೆ ಅಂಗ ಉಳಿಯುತ್ತದೆ. ತೊಡಕೇನೆಂದರೆ ಇದೇ ಕಿಣ್ವ ಮೆದುಳಿನಲ್ಲೂ ಯಥೇಚ್ಛವಾಗಿದೆ. ಒಂದು ನರಕೋಶದಿಂದ ಇನ್ನೊಂದಕ್ಕೆ ಸಂಕೇತ ಎಷ್ಟು ಬಲವಾಗಿ ದಾಟಬೇಕು ಎಂಬುದನ್ನು ಹದದಲ್ಲಿಡುವಲ್ಲಿ ಅದರ ಪಾತ್ರವಿದೆ. ಟಿ ಜೀವಕೋಶವನ್ನು ಸುಮ್ಮನಾಗಿಸಲು ಕೊಟ್ಟ ಔಷಧ ನರಕೋಶದ ಹದವನ್ನೂ ಕದಡುತ್ತದೆ. ಜೊತೆಗೆ ಮೆದುಳಿನ ಸಣ್ಣ ರಕ್ತನಾಳಗಳ ಒಳಪದರಕ್ಕೂ ಇವು ಹಾನಿ ಮಾಡುತ್ತವೆ.

ಇದರ ಮೊದಲ ಗುರುತು ನಡುಕ. ಕೈ ಮುಂದೆ ಚಾಚಿದಾಗ, ಬರೆಯುವಾಗ, ಸೂಜಿಗೆ ದಾರ ಪೋಣಿಸುವಾಗ ಕಾಣುವ ಸಣ್ಣ, ವೇಗದ ನಡುಕ. ಮಾತ್ರೆ ನುಂಗಿದ ಒಂದೆರಡು ಗಂಟೆಗಳಲ್ಲಿ, ಅಂದರೆ ರಕ್ತದಲ್ಲಿ ಔಷಧ ಏರುವ ಹೊತ್ತಿಗೆ, ಹೆಚ್ಚಾಗುವುದುಂಟು. ತಲೆನೋವು, ನಿದ್ರಾಹೀನತೆ, ಬೆರಳುಗಳಲ್ಲಿ ಜೋಮು, ಅಂಗಾಲು ಉರಿ ಇವೂ ಸಾಮಾನ್ಯ. ಕೆಲವರಿಗೆ ಎರಡೂ ಪಾದಗಳ ಮೂಳೆಯೊಳಗೇ ನೋವು ಹೊಕ್ಕಂತಾಗಿ ನಿಲ್ಲಲಾಗದು, ಕಾಲನ್ನು ಎತ್ತರಕ್ಕಿಟ್ಟರೆ ಸ್ವಲ್ಪ ಇಳಿಯುತ್ತದೆ. ಇದೂ ಈ ಔಷಧಗಳದ್ದೇ ಕೆಲಸ. ಪ್ರಾಣಕ್ಕೆ ಅಪಾಯವಿಲ್ಲ ಎಂಬ ಕಾರಣಕ್ಕೆ ಇವನ್ನು ಚಿಕ್ಕ ತೊಂದರೆ ಎನ್ನುತ್ತಾರೆ. ನಾನು ಆ ವಿಂಗಡಣೆಯನ್ನು ಒಪ್ಪುವುದಿಲ್ಲ. ಸಹಿ ಹಾಕಲಾಗದ, ಸಾರು ಚೆಲ್ಲದೆ ಊಟ ಮಾಡಲಾಗದ, ಕೈಕೆಲಸವೇ ಜೀವನಾಧಾರವಾಗಿದ್ದು ಅದನ್ನು ಬಿಡಬೇಕಾಗಿ ಬಂದ ಮನುಷ್ಯನಿಗೆ ಅದು ಚಿಕ್ಕದಲ್ಲ. ನಡುಕ ತಡೆಯಲಾರದೆ ಹೇಳದೆ ಕೇಳದೆ ಒಂದು ಹೊತ್ತಿನ ಮಾತ್ರೆ ಬಿಡುವವರಿದ್ದಾರೆ. ಆಗ ಅಂಗವೇ ತಿರಸ್ಕೃತವಾಗುವ ಅಪಾಯ ಎದುರಾಗುತ್ತದೆ. ನಡುಕ ಹೆಚ್ಚಿರುವ ಕೆಲವರಿಗೆ ಔಷಧ ನಿಧಾನವಾಗಿ ಬಿಡುಗಡೆಯಾಗುವ ಬಗೆಯ ಟ್ಯಾಕ್ರೋಲಿಮಸ್ ಕೊಟ್ಟರೆ ಏರಿಳಿತ ಕಡಿಮೆಯಾಗಿ ಕೈ ಹಗುರವಾಗುತ್ತದೆ. ಆದರೆ ಹಳೆಯ ಮಾತ್ರೆಯಷ್ಟೇ ಮಿಲಿಗ್ರಾಂ ಲೆಕ್ಕ ಹಿಡಿದು ರೋಗಿಯೇ ಬದಲಾಯಿಸಿಕೊಳ್ಳುವಂಥದ್ದಲ್ಲ ಅದು.

ಇದೇ ಔಷಧದಿಂದ ಬರುವ ಗಂಭೀರ ರೂಪಗಳು ಬೇರೆಯೇ. ಅವುಗಳಲ್ಲಿ ಹೆಚ್ಚು ಪರಿಚಿತವಾದದ್ದು ವೈದ್ಯರು ಪ್ರೆಸ್ ಎಂದು ಕರೆಯುವ ಸ್ಥಿತಿ. ರಕ್ತನಾಳಗಳಿಂದ ದ್ರವ ಸೋರಿ ಮೆದುಳಿನ ಹಿಂಭಾಗ ಊದಿಕೊಳ್ಳುತ್ತದೆ. ನೋಟಕ್ಕೆ ಸಂಬಂಧಿಸಿದ ಭಾಗ ಅದೇ ಆದ್ದರಿಂದ ಕಣ್ಣು ಮಂಜಾಗುತ್ತದೆ, ಕೆಲವೊಮ್ಮೆ ಪೂರ್ತಿ ಕಾಣದೇ ಹೋಗುತ್ತದೆ. ಜೊತೆಗೆ ತಲೆನೋವು, ಗೊಂದಲ, ಫಿಟ್ಸ್. 1996ರಲ್ಲಿ ಇದನ್ನು ಮೊದಲು ಒಂದು ಪ್ರತ್ಯೇಕ ಸ್ಥಿತಿಯಾಗಿ ವಿವರಿಸಿದಾಗ ವರದಿಯಲ್ಲಿದ್ದ 15 ರೋಗಿಗಳ ಪೈಕಿ 7 ಮಂದಿ ಕಸಿಯ ನಂತರ ಅಥವಾ ರಕ್ತಹೀನತೆಯ ಗಂಭೀರ ಕಾಯಿಲೆಯೊಂದಕ್ಕೆ ರೋಗನಿರೋಧಕ ಶಕ್ತಿ ಅಡಗಿಸುವ ಔಷಧ ತೆಗೆದುಕೊಳ್ಳುತ್ತಿದ್ದವರು. ಬೇಗ ಗುರುತಿಸಿ ರಕ್ತದೊತ್ತಡ ಇಳಿಸಿ, ಔಷಧದ ಪ್ರಮಾಣ ತಗ್ಗಿಸಿ ಅಥವಾ ಬದಲಿಸಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ತಡವಾದರೆ ಊತವಿದ್ದ ಜಾಗದಲ್ಲಿ ರಕ್ತಸ್ರಾವವೋ ಶಾಶ್ವತ ಹಾನಿಯೋ ಆಗಬಹುದು. ಸಿಟಿ ಸ್ಕ್ಯಾನ್‌ನಲ್ಲಿ ಇದು ಕಣ್ಣಿಗೆ ಬೀಳದೆ ಹೋಗುವುದುಂಟು, ಎಂಆರ್‌ಐಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇನ್ನೊಂದು ರೂಪ ಇನ್ನೂ ಮೋಸಗೊಳಿಸುವಂಥದ್ದು. ಲಿವರ್ ಕಸಿಯಾದ ಮೊದಲ ದಿನಗಳಲ್ಲಿ, ಮುಖ್ಯವಾಗಿ ಔಷಧವನ್ನು ರಕ್ತನಾಳಕ್ಕೇ ಕೊಟ್ಟಾಗ, ರೋಗಿ ಕಣ್ಣು ಬಿಟ್ಟುಕೊಂಡು ಮಲಗಿರುತ್ತಾನೆ. ಮಾತಿಲ್ಲ, ತಾನಾಗಿ ಚಲನೆಯಿಲ್ಲ. ಮನಸ್ಸು ಕುಗ್ಗಿದೆ, ಖಿನ್ನತೆ ಇರಬೇಕು ಎಂದು ಅದನ್ನು ಬದಿಗಿಡುವ ಅಪಾಯವಿದೆ. ಅದು ಖಿನ್ನತೆಯಲ್ಲ, ಔಷಧದ ವಿಷಪರಿಣಾಮ. ಔಷಧ ಬದಲಿಸಿದಾಗ ಮಾತು ಮರಳುವುದುಂಟು.

ಲೆವೆಲ್ ಸರಿಯಿದೆ ಎಂಬ ಮಾತು

ಕಸಿ ವಿಭಾಗದ ಹೊರರೋಗಿ ಕೋಣೆಯಲ್ಲಿ ಅತಿ ಹೆಚ್ಚು ಕೇಳಿಬರುವ ಪದ ಲೆವೆಲ್. ಬೆಳಗಿನ ಮಾತ್ರೆ ನುಂಗುವ ಮೊದಲು ರಕ್ತ ಕೊಟ್ಟು ಅದರಲ್ಲಿ ಟ್ಯಾಕ್ರೋಲಿಮಸ್ ಎಷ್ಟಿದೆ ಎಂದು ನೋಡುತ್ತಾರೆ. ಈ ಪರೀಕ್ಷೆ ಇಲ್ಲದೆ ಕಸಿ ಚಿಕಿತ್ಸೆಯೇ ನಡೆಯದು. ನನ್ನ ಆಕ್ಷೇಪವಿರುವುದು ಅದನ್ನು ಬಳಸುವ ಒಂದು ರೀತಿಗೆ. ರೋಗಿಗೆ ಗೊಂದಲ ಶುರುವಾಗಿದೆ, ಲೆವೆಲ್ ನೋಡಿದರೆ ಗುರಿಯೊಳಗಿದೆ, ಹಾಗಾದರೆ ಇದು ಟ್ಯಾಕ್ರೋಲಿಮಸ್‌ನಿಂದ ಅಲ್ಲ ಎಂದು ಆ ಬಾಗಿಲನ್ನೇ ಮುಚ್ಚಿಬಿಡುವ ರೀತಿಗೆ. ಪ್ರೆಸ್ ಆದವರಲ್ಲಿ, ಫಿಟ್ಸ್ ಬಂದವರಲ್ಲಿ ಕೂಡ ಲೆವೆಲ್ ಸರಿಯಾಗಿಯೇ ಇದ್ದ ಉದಾಹರಣೆಗಳು ಬೇಕಾದಷ್ಟಿವೆ.

ಹೀಗಾಗುವುದಕ್ಕೆ ಕಾರಣ ಔಷಧದ ಸ್ವಭಾವದಲ್ಲೇ ಇದೆ. ರಕ್ತದಲ್ಲಿರುವ ಟ್ಯಾಕ್ರೋಲಿಮಸ್‌ನ ಬಹುಪಾಲು ಕೆಂಪು ರಕ್ತಕಣಗಳಿಗೆ ಅಂಟಿಕೊಂಡಿರುತ್ತದೆ. ಯಾವುದಕ್ಕೂ ಅಂಟದೆ ಬಿಡಿಯಾಗಿರುವ ತೀರ ಸಣ್ಣ ಪಾಲು ಮಾತ್ರ ಅಂಗಾಂಶಗಳೊಳಗೆ ಹೋಗುತ್ತದೆ. ಪ್ರಯೋಗಾಲಯ ಅಳೆಯುವುದು ಎರಡನ್ನೂ ಸೇರಿಸಿ. ಆಪರೇಷನ್ ಆದ ಹೊಸತರಲ್ಲಿ ರಕ್ತಹೀನತೆ ಇದ್ದವರಲ್ಲಿ ಅಂಟಿಕೊಳ್ಳಲು ಕಣಗಳೇ ಕಡಿಮೆ. ಹಾಗಾಗಿ ವರದಿಯ ಸಂಖ್ಯೆ ಅದೇ ಆಗಿದ್ದರೂ ಬಿಡಿ ಔಷಧ ಹೆಚ್ಚಿರಬಹುದು. ದೀರ್ಘಕಾಲ ಲಿವರ್ ಕೆಟ್ಟಿದ್ದವರಲ್ಲಿ ಕೊಲೆಸ್ಟರಾಲ್ ತೀರ ಕಡಿಮೆ ಇರುತ್ತದೆ, ಅದು ಸೈಕ್ಲೋಸ್ಪೊರಿನ್‌ನ ವಿಷಪರಿಣಾಮಕ್ಕೆ ದಾರಿ ಮಾಡಿಕೊಡುತ್ತದೆ. ಈ ಔಷಧಗಳು ಮೂತ್ರದ ಮೂಲಕ ಮೆಗ್ನೀಸಿಯಂ ಅನ್ನು ಕಳೆಯುತ್ತವೆ, ಮೆಗ್ನೀಸಿಯಂ ತಗ್ಗಿದಷ್ಟೂ ಫಿಟ್ಸ್ ಸಾಧ್ಯತೆ ಹೆಚ್ಚು. ಇನ್ನು ಸೋಂಕು, ಏರಿದ ರಕ್ತದೊತ್ತಡ, ಹಳೆಯ ಕಾಯಿಲೆ ಇವುಗಳಿಂದ ರಕ್ತಕ್ಕೂ ಮೆದುಳಿಗೂ ನಡುವಿನ ತಡೆಗೋಡೆ ಸಡಿಲವಾಗಿದ್ದರೆ ಅದೇ ಲೆವೆಲ್‌ನಲ್ಲಿ ಮೆದುಳಿಗೆ ತಲುಪುವ ಔಷಧ ಬೇರೆ. ಲೆವೆಲ್ ಹೇಳುವುದು ರಕ್ತದ ಸ್ಥಿತಿಯನ್ನು. ಮೆದುಳಿನ ಸ್ಥಿತಿಯನ್ನು ರೋಗಿಯನ್ನು ಮಾತಾಡಿಸಿ, ಪರೀಕ್ಷಿಸಿಯೇ ತಿಳಿಯಬೇಕು.

ಲೆವೆಲ್ ನಿಜವಾಗಿಯೂ ಏರುಪೇರಾಗುವ ಸಂದರ್ಭಗಳೂ ಕಡಿಮೆಯಿಲ್ಲ, ಅವುಗಳಲ್ಲಿ ಹಲವನ್ನು ತಡೆಯಬಹುದು. ಕರುಳಿನಲ್ಲೂ ಲಿವರ್‌ನಲ್ಲೂ ಈ ಔಷಧಗಳನ್ನು ಒಡೆಯುವ ಕಿಣ್ವ ಒಂದೇ ಬಗೆಯದು. ಆ ಕಿಣ್ವವನ್ನು ತಡೆಯುವ ಯಾವುದೇ ಮಾತ್ರೆ ಸೇರಿದರೆ ಟ್ಯಾಕ್ರೋಲಿಮಸ್ ರಕ್ತದಲ್ಲಿ ಪೇರುತ್ತದೆ. ಬಾಯಿಹುಣ್ಣಿನ ಶಿಲೀಂಧ್ರಕ್ಕೆ ಕೊಡುವ ಫ್ಲುಕೋನಜೋಲ್, ಕೆಮ್ಮಿಗೆ ಬರೆದುಕೊಡುವ ಕ್ಲಾರಿತ್ರೊಮೈಸಿನ್, ಬಿಪಿಗೆ ಕೊಡುವ ಡಿಲ್ಟಿಯಾಜೆಮ್ ಎಲ್ಲವೂ ಈ ಗುಂಪಿಗೆ ಸೇರಿದವು. ಗ್ರೇಪ್‌ಫ್ರೂಟ್, ಚಕ್ಕೋತ ಹಣ್ಣುಗಳು ಸಹ. ಭೇದಿಯಾದಾಗ ಔಷಧವೆಲ್ಲ ಹೊರಹೋಗಿ ಲೆವೆಲ್ ಇಳಿದಿರಬೇಕು ಎಂದು ತೋಚುವುದು ಸಹಜ. ಟ್ಯಾಕ್ರೋಲಿಮಸ್ ವಿಷಯದಲ್ಲಿ ಆಗುವುದು ಬಹಳ ಸಲ ಅದಕ್ಕೆ ತದ್ವಿರುದ್ಧ. ಕರುಳಿನ ಒಳಪದರ ಕೆಟ್ಟು ಅಲ್ಲಿ ಔಷಧವನ್ನು ಒಡೆಯುವ ಕೆಲಸ ನಿಂತು ಲೆವೆಲ್ ಏರುತ್ತದೆ. ನಾಲ್ಕು ದಿನ ಭೇದಿಯಾದವರು ಹೊಟ್ಟೆ ಸರಿಹೋಯಿತು ಎಂದು ಸುಮ್ಮನಿರದೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕಾದದ್ದು ಇದಕ್ಕೇ.

ಉಲ್ಟಾ ದಿಕ್ಕಿನ ಅಪಾಯವೂ ಅಷ್ಟೇ ದೊಡ್ಡದು. ಫಿಟ್ಸ್ ಬಂದು ತುರ್ತು ಚಿಕಿತ್ಸೆಗೆ ಹೋದರೆ ಹಲವು ಕಡೆ ಮೊದಲು ಕೈಗೆ ಬರುವ ಔಷಧ ಫೆನಿಟಾಯಿನ್. ಅದು, ಕಾರ್ಬಮಜೆಪಿನ್, ಫಿನೋಬಾರ್ಬಿಟಾಲ್, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇವೆಲ್ಲ ಅದೇ ಕಿಣ್ವವನ್ನು ಚುರುಕುಗೊಳಿಸಿ ಟ್ಯಾಕ್ರೋಲಿಮಸ್ ಅನ್ನು ವೇಗವಾಗಿ ಕರಗಿಸುತ್ತವೆ. ಫಿಟ್ಸ್ ನಿಲ್ಲುತ್ತದೆ, ಆದರೆ ಮುಂದೆ ಅಂಗ ತಿರಸ್ಕಾರ ಶುರುವಾಗಬಹುದು. ಲೆವೆಟಿರಸೆಟಾಂ ಎಂಬ ಫಿಟ್ಸ್ ಔಷಧಕ್ಕೆ ಈ ಗುಣವಿಲ್ಲದ ಕಾರಣ ಕಸಿಯಾದವರಲ್ಲಿ ಸಾಮಾನ್ಯವಾಗಿ ಅದನ್ನೇ ಆರಿಸಿಕೊಳ್ಳುತ್ತಾರೆ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ನೋಡಿ ಅದರ ಪ್ರಮಾಣ ಹೊಂದಿಸಬೇಕಷ್ಟೆ. ತುರ್ತು ವಿಭಾಗದ ಡಾಕ್ಟರಿಗೆ ರೋಗಿ ಕಸಿಯಾದವರು ಎಂಬುದು ಮೊದಲ ನಿಮಿಷದಲ್ಲೇ ಗೊತ್ತಾಗಬೇಕಾದ ಸಂಗತಿ.

ಟ್ಯಾಕ್ರೋಲಿಮಸ್ ಬಗ್ಗೆ ಇಷ್ಟು ಹೇಳಿದ ಮೇಲೆ ಉಳಿದ ಔಷಧಗಳನ್ನು ಮರೆಯಬಾರದು. ಸ್ಟೆರಾಯ್ಡ್ ನಿದ್ದೆ ಕೆಡಿಸುತ್ತದೆ, ಮನಸ್ಸನ್ನು ವಿಪರೀತ ಹುರುಪಿಗೋ ಭ್ರಮೆಗೋ ಒಯ್ಯುತ್ತದೆ, ತಿಂಗಳುಗಟ್ಟಲೆ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ತೊಡೆಯ ಸ್ನಾಯು ಸೋತು ಕುಳಿತಲ್ಲಿಂದ ಏಳುವುದು ಕಷ್ಟವಾಗುತ್ತದೆ. ಶಿಲೀಂಧ್ರ ಸೋಂಕಿಗೆ ಕೊಡುವ ವೊರಿಕೊನಜೋಲ್ ಕಣ್ಣಿಗೆ ಇಲ್ಲದ ದೃಶ್ಯ ತೋರಿಸಬಲ್ಲದು. ಸೆಫೆಪೈಮ್ ಆಂಟಿಬಯೋಟಿಕ್ ಆಗಲಿ, ಸರ್ಪಸುತ್ತಿಗೆ ಕೊಡುವ ಎಸೈಕ್ಲೋವಿರ್ ಆಗಲಿ ಕಿಡ್ನಿ ದುರ್ಬಲವಾಗಿರುವಾಗ ಪ್ರಮಾಣ ತಗ್ಗಿಸದೆ ಕೊಟ್ಟರೆ ಮಂಪರು, ಬಡಬಡಿಕೆ ಬರುತ್ತದೆ.

ಯಾವ ಅಂಗ ಎಂಬುದೂ ಮುಖ್ಯ

ನರಮಂಡಲದ ತೊಂದರೆಗಳು ಹೆಚ್ಚಾಗಿ ಕಾಣುವ ಕಸಿಗಳಲ್ಲಿ ಲಿವರ್ ಕಸಿ ಮುಂಚೂಣಿಯಲ್ಲಿದೆ. ಲಿವರ್ ಕೆಟ್ಟವರ ಮೆದುಳು ಆಪರೇಷನ್‌ಗೆ ಮುಂಚೆಯೇ ಬಳಲಿರುತ್ತದೆ. ಅಮೋನಿಯಾ ಏರಿ ಗೊಂದಲ, ಮಂಪರು ಅನುಭವಿಸಿಯೇ ಅವರು ಆಪರೇಷನ್ ಕೋಣೆಗೆ ಬಂದಿರುತ್ತಾರೆ. ಹೊಸ ಲಿವರ್ ಕೆಲಸ ಶುರುಮಾಡಿದಾಗ ಆ ಮಂಜು ಕರಗಬೇಕು. ಕರಗದಿದ್ದರೆ ಲಿವರ್ ಇನ್ನೂ ಹಿಡಿದುಕೊಂಡಿಲ್ಲವೇ, ಔಷಧದ ಪರಿಣಾಮವೇ, ಸೋಂಕೇ, ಹೊರಗೆ ಸೆಳೆತ ಕಾಣದಂತೆ ಮೆದುಳಿನೊಳಗೇ ನಡೆಯುತ್ತಿರುವ ಫಿಟ್ಸೇ ಎಂದು ಹುಡುಕಬೇಕಾಗುತ್ತದೆ. ಕೊನೆಯದನ್ನು ಮೆದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಇಇಜಿ ಪರೀಕ್ಷೆ ಮಾಡದೆ ಕಂಡುಹಿಡಿಯಲಾಗದು.

ಲಿವರ್ ಕಸಿಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವುದು ಸೋಡಿಯಂ. ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗಿ ಕೆಡುವ ಕಾಯಿಲೆ, ಇದ್ದವರಲ್ಲಿ ರಕ್ತದ ಸೋಡಿಯಂ ತಿಂಗಳುಗಳಿಂದ ತಗ್ಗಿರುತ್ತದೆ, ಮೆದುಳಿನ ಜೀವಕೋಶಗಳು ಆ ತಗ್ಗಿದ ಮಟ್ಟಕ್ಕೇ ಹೊಂದಿಕೊಂಡಿರುತ್ತವೆ. ಆಪರೇಷನ್ ವೇಳೆ ಕೊಡುವ ರಕ್ತ, ಪ್ಲಾಸ್ಮಾ, ಸಲೈನ್, ಬೈಕಾರ್ಬನೇಟ್‌ಗಳಿಂದ ಸೋಡಿಯಂ ಕೆಲವೇ ಗಂಟೆಗಳಲ್ಲಿ ಮೇಲೇರಿದರೆ ಆ ಜೀವಕೋಶಗಳು ತಾಳಲಾರವು. ಮೆದುಳಿನ ಕಾಂಡದಲ್ಲಿ ನರತಂತುಗಳ ಸುತ್ತಲಿನ ಕವಚ ಕಳಚುತ್ತದೆ. 1959ರಲ್ಲಿ ಮೊದಲು ವರದಿಯಾದ ಈ ಹಾನಿ ತಕ್ಷಣ ಕಾಣಿಸುವುದಿಲ್ಲ. ಕೆಲವು ದಿನ ಕಳೆದ ಮೇಲೆ ನುಂಗಲಾಗದೆ, ಮಾತು ತೊದಲಿ, ಕೈಕಾಲು ಬಿದ್ದುಹೋಗುತ್ತವೆ. ತೀವ್ರವಾದಾಗ ಪ್ರಜ್ಞೆ ಪೂರ್ತಿ ಇದ್ದು ಕಣ್ಣು ಮಾತ್ರ ಆಡಿಸಬಲ್ಲ ಸ್ಥಿತಿಗೆ ರೋಗಿ ತಲುಪುತ್ತಾನೆ. ಮೊದಲ ದಿನಗಳ ಎಂಆರ್‌ಐ ಕೂಡ ಸಹಜವಾಗಿರಬಹುದು, ಮತ್ತೆ ಒಂದೆರಡು ವಾರ ಬಿಟ್ಟು ಮಾಡಿದಾಗ ಕಾಣುತ್ತದೆ. ಹಾನಿಯಾದ ಮೇಲೆ ಅದನ್ನು ಹಿಂತಿರುಗಿಸುವ ಮದ್ದಿಲ್ಲ. ತಡೆಯುವುದೊಂದೇ ದಾರಿ. 24 ಗಂಟೆಗಳಲ್ಲಿ ಸೋಡಿಯಂ ಲೀಟರಿಗೆ 8 ಮಿಲಿಮೋಲ್‌ಗಿಂತ ಹೆಚ್ಚು ಏರದಂತೆ ನೋಡಿಕೊಳ್ಳಬೇಕೆಂಬುದು ಇಂಥ ರೋಗಿಗಳಲ್ಲಿ ಪಾಲಿಸುವ ಮಿತಿ. ಹತ್ತಾರು ಗಂಟೆ ನಡೆಯುವ, ರಕ್ತ ಸುರಿಯುವ ಆಪರೇಷನ್ ಮಧ್ಯೆ ಅದನ್ನು ಪಾಲಿಸಲು ಅರಿವಳಿಕೆ ತಜ್ಞರು ಪಡುವ ಶ್ರಮ ಹೊರಗಿನವರಿಗೆ ಗೊತ್ತಾಗುವುದೇ ಇಲ್ಲ.

ಶ್ವಾಸಕೋಶ ಕಸಿಯಲ್ಲೂ ಅಮೋನಿಯಾ ಕಾಣಿಸಿಕೊಳ್ಳುತ್ತದೆ ಎಂದರೆ ಅಚ್ಚರಿಯಾಗಬಹುದು. ಲಿವರ್ ಪೂರ್ತಿ ಸರಿಯಿದ್ದೂ ಕಸಿಯಾದ ಮೊದಲ ವಾರಗಳಲ್ಲಿ ಕೆಲವರ ರಕ್ತದಲ್ಲಿ ಅಮೋನಿಯಾ ದಿಢೀರನೆ ಏರಿ, ಮೆದುಳು ಊದಿ ಸಾಯುತ್ತಿದ್ದರು. ಬಹಳ ಕಾಲ ಇದರ ಕಾರಣವೇ ತಿಳಿದಿರಲಿಲ್ಲ. ಯೂರಿಯಾಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ಹಲವರಲ್ಲಿ ಅದೇ ಕಾರಣ ಎಂಬುದು ನಂತರ ಗೊತ್ತಾಯಿತು. ಸಾಮಾನ್ಯ ಕಲ್ಚರ್‌ನಲ್ಲಿ ಅದು ಬೆಳೆಯದು. ಜೀವಕೋಶದ ಹೊರಗೋಡೆಯೇ ಇಲ್ಲದ್ದರಿಂದ ಪೆನಿಸಿಲಿನ್ ಜಾತಿಯ ಆಂಟಿಬಯೋಟಿಕ್‌ಗಳಿಗೆ ಬಗ್ಗದು. ಡಾಕ್ಸಿಸೈಕ್ಲಿನ್, ಅಜಿತ್ರೊಮೈಸಿನ್‌ನಂಥ ಬೇರೆ ಬಗೆಯವು ಬೇಕು. ಶ್ವಾಸಕೋಶ ಕಸಿಯಾದವರು ಮಂಪರಾದರೆ ಲಿವರ್ ವರದಿ ಚೆನ್ನಾಗಿದ್ದರೂ ಅಮೋನಿಯಾ ನೋಡಲೇಬೇಕು ಎಂಬ ಪಾಠ ಹಲವು ಜೀವಗಳನ್ನು ಕಳೆದುಕೊಂಡ ಮೇಲೆ ಬಂದದ್ದು.

ಹೃದಯ ಕಸಿಯಲ್ಲಿ ಪಾರ್ಶ್ವವಾಯು ದೊಡ್ಡ ಭಯ. ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಯಂತ್ರಕ್ಕೆ ವಹಿಸಿರುವಾಗ ಹೆಪ್ಪುಗಟ್ಟಿದ ರಕ್ತದ ತುಣುಕೋ ಗಾಳಿಗುಳ್ಳೆಯೋ ಮೆದುಳಿಗೆ ಹೋಗಬಹುದು. ಕಿಡ್ನಿ ಕಸಿಯಲ್ಲಿ ತಕ್ಷಣದ ತೊಂದರೆಗಳು ಹೋಲಿಕೆಯಲ್ಲಿ ಕಡಿಮೆ. ಆಪರೇಷನ್‌ನಲ್ಲಿ ಗಾಯವನ್ನು ಅಗಲಿಸಿ ಹಿಡಿಯುವ ಉಪಕರಣ ತೊಡೆಯ ನರವನ್ನು ಒತ್ತಿ ಮಂಡಿ ಬಲಹೀನವಾಗುವುದುಂಟು, ಬಹುಪಾಲು ತಿಂಗಳುಗಳಲ್ಲಿ ಸರಿಹೋಗುತ್ತದೆ. ಒಂದು ಒಳ್ಳೆಯ ಸುದ್ದಿಯೂ ಇಲ್ಲಿದೆ. ಡಯಾಲಿಸಿಸ್ ಕಾಲದಲ್ಲಿ ಮಂಕಾಗಿದ್ದ ಗಮನ, ನೆನಪು, ಕಾಲಿನ ಜೋಮು ಹೊಸ ಕಿಡ್ನಿ ಬಂದ ಮೇಲೆ ಅನೇಕರಲ್ಲಿ ಸುಧಾರಿಸುತ್ತವೆ. ಕಸಿ ಮೆದುಳಿಗೆ ಕೆಡುಕನ್ನಷ್ಟೇ ತರುತ್ತದೆಂದು ಹೇಳುವುದು ಸತ್ಯಕ್ಕೆ ದೂರ.

ಹೊಗೆ ಕಾಣದ ಬೆಂಕಿ

ಮೆದುಳಿನ ಸೋಂಕು ಎಂದರೆ ಜ್ವರ, ವಾಂತಿ, ಬಿಗಿದ ಕತ್ತು ಎಂಬ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ಆ ಜ್ವರವನ್ನೂ ಬಿಗಿತವನ್ನೂ ಉಂಟುಮಾಡುವುದು ಸೂಕ್ಷ್ಮಜೀವಿಗಿಂತ ಹೆಚ್ಚಾಗಿ ಅದರ ವಿರುದ್ಧ ನಮ್ಮ ದೇಹ ನಡೆಸುವ ಹೋರಾಟ. ಹೋರಾಡುವ ಶಕ್ತಿಯನ್ನೇ ಔಷಧದಿಂದ ತಗ್ಗಿಸಿದವರಲ್ಲಿ ಸೋಂಕು ಸದ್ದಿಲ್ಲದೆ ಬೆಳೆಯುತ್ತದೆ. ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ಇದಕ್ಕೆ ಒಳ್ಳೆಯ ಉದಾಹರಣೆ. ಕಸಿಯಾಗಿ ಹಲವು ತಿಂಗಳೋ ವರ್ಷಗಳೋ ಕಳೆದು ಎಲ್ಲ ಚೆನ್ನಾಗಿದೆ ಎನ್ನುವಾಗ ವಾರಗಟ್ಟಲೆ ಬಿಡದ ತಲೆನೋವಾಗಿ ಅದು ಶುರುವಾಗುತ್ತದೆ. ಜ್ವರ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಬಹಳ ಸಲ ಕತ್ತು ಬಿಗಿದಿರುವುದಿಲ್ಲ. ನೋವಿನ ಮಾತ್ರೆ ನುಂಗುತ್ತ, ಕನ್ನಡಕ ಬದಲಿಸುತ್ತ ಜನ ಕಾಲ ಕಳೆಯುತ್ತಾರೆ. ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಿದರೆ ಬಹುತೇಕ ಅದೇ ದಿನ ಉತ್ತರ ಸಿಗುತ್ತದೆ, ಗುಣಪಡಿಸುವ ಔಷಧವೂ ಇದೆ. ಕಸಿಯಾದವರಿಗೆ ಹೊಸದಾಗಿ ಬಂದು ಬಿಡದೆ ಕಾಡುವ ತಲೆನೋವಿಗೆ ಆ ಪರೀಕ್ಷೆ ಮಾಡಲು ಹಿಂಜರಿಯುವುದಕ್ಕೆ ನನಗೆ ಸಕಾರಣ ಕಾಣುವುದಿಲ್ಲ.

ಯಾವ ಸೋಂಕು ಎಂದು ಊಹಿಸಲು ಕಸಿಯಾಗಿ ಎಷ್ಟು ಕಾಲವಾಯಿತು ಎಂಬುದು ಬಹಳ ಸಹಾಯ ಮಾಡುತ್ತದೆ. ಮೊದಲ ತಿಂಗಳು ಆಸ್ಪತ್ರೆಯಿಂದ ಅಥವಾ ದಾನಿಯಿಂದ ಬಂದ ಸೋಂಕುಗಳ ಕಾಲ. ಔಷಧದ ಹಿಡಿತ ಬಿಗಿಯಾಗಿರುವ ಒಂದರಿಂದ ಆರು ತಿಂಗಳ ಅವಧಿಯಲ್ಲಿ ಆರೋಗ್ಯವಂತರನ್ನು ಸಾಮಾನ್ಯವಾಗಿ ಕಾಡದ ಟಾಕ್ಸೊಪ್ಲಾಸ್ಮಾ, ನೊಕಾರ್ಡಿಯಾ, ಲಿಸ್ಟೀರಿಯಾ ಮುಂತಾದವು ಬರುತ್ತವೆ. ಶ್ವಾಸಕೋಶದಲ್ಲಿ ನೆಲೆಸಿದ ಆಸ್ಪರ್ಜಿಲಸ್ ಶಿಲೀಂಧ್ರ ರಕ್ತದ ಮೂಲಕ ಮೆದುಳಿಗೆ ಹೋಗಿ ರಕ್ತನಾಳವನ್ನೇ ಕೊರೆಯುವುದರಿಂದ ಪಾರ್ಶ್ವವಾಯುವಿನಂತೆ ಕಾಣಿಸಿಕೊಳ್ಳಬಹುದು. ಈ ಕಾಲರೇಖೆ ಕಟ್ಟುನಿಟ್ಟಲ್ಲ. ಸೋಂಕು ತಡೆಯಲು ಕೊಡುವ ಕೋಟ್ರೈಮೊಕ್ಸಜೋಲ್ ಮಾತ್ರೆ ನಿಂತ ಮೇಲೆ, ಇಲ್ಲವೇ ತಿರಸ್ಕಾರಕ್ಕೆ ಮತ್ತೆ ಹೆಚ್ಚಿನ ಔಷಧ ಕೊಟ್ಟ ಮೇಲೆ ಅಪಾಯದ ಅವಧಿ ಮತ್ತೆ ತೆರೆದುಕೊಳ್ಳುತ್ತದೆ.

ದಾನಿಯ ಅಂಗದ ಜೊತೆಗೇ ಸೋಂಕು ಬರುವುದು ಅಪರೂಪ, ಆದರೆ ಬಂದಾಗ ಘೋರ. 2002ರಲ್ಲಿ ಅಮೆರಿಕದಲ್ಲಿ ಒಬ್ಬ ದಾನಿಯ ಅಂಗಗಳಿಂದ ನಾಲ್ವರಿಗೆ ವೆಸ್ಟ್ ನೈಲ್ ವೈರಸ್ ತಗುಲಿತು. 2004ರಲ್ಲಿ ಅಲ್ಲಿಯೇ ಮೆದುಳಿನ ರಕ್ತಸ್ರಾವದಿಂದ ಸತ್ತನೆಂದು ತಿಳಿಯಲಾಗಿದ್ದ ದಾನಿಯೊಬ್ಬನಿಗೆ ನಿಜವಾಗಿ ರೇಬೀಸ್ ಇತ್ತು, ಬಾವಲಿ ಕಚ್ಚಿತ್ತು. ಅವನ ಲಿವರ್ ಪಡೆದವರು, ಎರಡು ಕಿಡ್ನಿ ಪಡೆದವರಿಬ್ಬರು, ರಕ್ತನಾಳದ ತುಂಡೊಂದನ್ನು ಪಡೆದ ಇನ್ನೊಬ್ಬರು, ನಾಲ್ವರೂ ರೇಬೀಸ್‌ನಿಂದಲೇ ತೀರಿಕೊಂಡರು. ಒಬ್ಬ ರೋಗಿಗೆ ಕಸಿಯ ನಂತರ ಕಾರಣ ತಿಳಿಯದ ಮೆದುಳು ಜ್ವರ ಬಂದರೆ ಅದೇ ದಾನಿಯಿಂದ ಅಂಗ ಪಡೆದ ಉಳಿದವರು ಹೇಗಿದ್ದಾರೆಂದು ತಕ್ಷಣ ವಿಚಾರಿಸಬೇಕೆನ್ನುವುದು ಇಂಥ ದುರಂತಗಳಿಂದ.

ವರ್ಷಗಳು ಕಳೆದ ಮೇಲೆ ಬರುವ ಎರಡು ಕಾಯಿಲೆಗಳನ್ನು ಇಲ್ಲಿ ಹೇಳಲೇಬೇಕು. ಬಹಳ ಜನರ ದೇಹದಲ್ಲಿ ಸುಪ್ತವಾಗಿರುವ ಜೆಸಿ ವೈರಸ್ ಎಚ್ಚೆತ್ತು ಮೆದುಳಿನ ಬಿಳಿಭಾಗವನ್ನು ತಿನ್ನುತ್ತ ಹೋಗುವುದು ಒಂದು. ಅದಕ್ಕೆ ನೇರ ಮದ್ದಿಲ್ಲ, ಔಷಧ ತಗ್ಗಿಸಿ ದೇಹದ ಸ್ವಂತ ಶಕ್ತಿ ಮರಳಲು ಬಿಡುವುದಷ್ಟೇ ಉಪಾಯ. ಎಪ್‌ಸ್ಟೀನ್ ಬಾರ್ ವೈರಸ್ ಜೊತೆಗೂಡಿ ಮೆದುಳಿನಲ್ಲೇ ಬೆಳೆಯುವ ಲಿಂಫೋಮಾ ಎಂಬ ಕ್ಯಾನ್ಸರ್ ಗೆಡ್ಡೆ ಇನ್ನೊಂದು. 2011ರಲ್ಲಿ ಕಿಡ್ನಿ ಕಸಿಗೆ ಬಂದ ಬೆಲಾಟಸೆಪ್ಟ್ ನಡುಕ, ಫಿಟ್ಸ್‌ಗಳ ಗೋಜಿಲ್ಲದ ಔಷಧ. ಆದರೆ ಮೊದಲು ಈ ವೈರಸ್ ತಗುಲಿರದವರಲ್ಲಿ ಇಂಥ ಗೆಡ್ಡೆಯ ಅಪಾಯ ಹೆಚ್ಚೆಂದು ಕಂಡುಬಂದು ಅವರಿಗೆ ಕೊಡಬಾರದೆಂಬ ಕಟ್ಟೆಚ್ಚರಿಕೆಯೊಂದಿಗೇ ಅದು ಮಾರುಕಟ್ಟೆಗೆ ಬಂತು.

ಎರಡು ಕಡೆಯ ಅಪಾಯ

ಹಾಗಾದರೆ ತೊಂದರೆ ಕೊಡುವ ಔಷಧ ನಿಲ್ಲಿಸಿಬಿಡಬಾರದೇ ಎಂಬ ಪ್ರಶ್ನೆ ಮನೆಯವರಿಂದ ಬಂದೇ ಬರುತ್ತದೆ. ನಿಲ್ಲಿಸಿದರೆ ಅಂಗ ಹೋಗಬಹುದು. ಕಿಡ್ನಿ ಹೋದರೆ ಡಯಾಲಿಸಿಸ್ ಇದೆ, ಲಿವರ್‌ಗೋ ಹೃದಯಕ್ಕೋ ಅಷ್ಟು ಸುಲಭವಾಗಿ ಸಿಗುವ ಆಸರೆ ಇಲ್ಲ. ಹಾಗಾಗಿ ಪ್ರಮಾಣ ತಗ್ಗಿಸುವುದು, ಟ್ಯಾಕ್ರೋಲಿಮಸ್‌ನಿಂದ ಸೈಕ್ಲೋಸ್ಪೊರಿನ್‌ಗೆ ಬದಲಿಸುವುದು, ಬೇರೆ ಗುಂಪಿನ ಎವೆರೊಲಿಮಸ್ ಅಥವಾ ಸಿರೊಲಿಮಸ್ ಸೇರಿಸಿ ಮೊದಲಿನದನ್ನು ಇಳಿಸುವುದು ಹೀಗೆ ಹೆಜ್ಜೆ ಹೆಜ್ಜೆಯಾಗಿ ಹೋಗುತ್ತಾರೆ. ಸಿರೊಲಿಮಸ್ ಗಾಯ ಮಾಯುವುದನ್ನು ನಿಧಾನಿಸುವುದರಿಂದ ಆಪರೇಷನ್ ಆದ ಹೊಸತರಲ್ಲಿ ಅದನ್ನು ಕೊಡಲು ಹಿಂಜರಿಕೆ. ಸೋಂಕಿದ್ದಾಗ ಔಷಧವನ್ನು ದಿಢೀರನೆ ಇಳಿಸಿದರೆ ಅಡಗಿದ್ದ ರೋಗನಿರೋಧಕ ಶಕ್ತಿ ಒಮ್ಮೆಲೇ ಎದ್ದು ಮೆದುಳಿನ ಊತ ಹೆಚ್ಚಿಸುವುದೂ ಇದೆ. ಕ್ರಿಪ್ಟೊಕಾಕಸ್ ಚಿಕಿತ್ಸೆಯ ನಡುವೆ ಹೀಗಾದಾಗ ಮದ್ದು ಕೆಲಸ ಮಾಡಲಿಲ್ಲವೆಂದು ಭಾವಿಸಿ ತಪ್ಪು ದಾರಿ ಹಿಡಿಯುವ ಸಂಭವವಿದೆ.

ಇಂಥ ತೀರ್ಮಾನ ಒಬ್ಬರೇ ತೆಗೆದುಕೊಳ್ಳುವಂಥದ್ದಲ್ಲ. ಕಸಿ ವೈದ್ಯರಿಗೆ ಅಂಗದ ಮೇಲೆ ಕಣ್ಣು, ನರರೋಗ ತಜ್ಞರಿಗೆ ಮೆದುಳಿನ ಮೇಲೆ. ಹಲವು ಕಡೆ ನರರೋಗ ತಜ್ಞರನ್ನು ಕರೆಯುವುದು ಫಿಟ್ಸ್ ಬಂದ ಮೇಲೆ, ರೋಗಿ ಎಚ್ಚರವಾಗದೇ ಹೋದ ಮೇಲೆ. ಆಗ ಅವರಿಗೆ ಈ ರೋಗಿ ಮೊದಲು ಹೇಗಿದ್ದರು ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಕಸಿಗೆ ಮುಂಚೆ ಹೃದಯ, ಶ್ವಾಸಕೋಶ, ಹಲ್ಲು, ಕೊನೆಗೆ ಉಗುರಿನ ಸಂದಿಯನ್ನೂ ಪರೀಕ್ಷಿಸುವ ಪಟ್ಟಿಯಲ್ಲಿ ನೆನಪು, ಗಮನ, ನಡಿಗೆ, ಕೈಬರಹ, ಪಾದದ ಸ್ಪರ್ಶಜ್ಞಾನ ದಾಖಲಾಗುವುದು ಕಡ್ಡಾಯವಾಗಬೇಕು. ಆ ದಾಖಲೆ ಇದ್ದರೆ ಆರು ತಿಂಗಳ ನಂತರ ಮರೆವು ಎಂದಾಗ ಅದು ಹೊಸದೋ ಹಳೆಯದೋ ಎಂದು ವಾದಿಸಬೇಕಾಗಿಲ್ಲ.

ನಂತರದ ಪ್ರತಿ ಭೇಟಿಯಲ್ಲೂ ಕೈ ಚಾಚಿಸಿ ನೋಡುವುದಕ್ಕೆ, ಒಂದು ಸಾಲು ಬರೆಸುವುದಕ್ಕೆ, ನಿದ್ದೆ ತಲೆನೋವುಗಳ ಬಗ್ಗೆ ಕೇಳುವುದಕ್ಕೆ ಎರಡು ನಿಮಿಷ ಸಾಕು. ಜೊತೆಗೆ ಬಂದವರನ್ನು ಬೇರೆಯಾಗಿ ಮಾತಾಡಿಸಬೇಕು. ಗೊಂದಲದಲ್ಲಿರುವ ಮನುಷ್ಯ ತನಗೆ ಗೊಂದಲವಾಗಿದೆ ಎಂದು ಹೇಳಲಾರ. ಊಟದ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದರು, ಬೆಳಗಿನ ಮಾತ್ರೆ ಎರಡು ಸಲ ತೆಗೆದುಕೊಂಡರು, ಮಗಳ ಹೆಸರು ತಪ್ಪಾಗಿ ಕರೆದರು ಎಂಬುದು ಹೆಂಡತಿಗೋ ಮಗನಿಗೋ ಗೊತ್ತಿರುತ್ತದೆ. ಬಿಡುಗಡೆಯ ಕಾಗದದಲ್ಲಿ ಜ್ವರ, ಮೂತ್ರ ಕಡಿಮೆಯಾಗುವುದು, ಹೊಲಿಗೆಯಲ್ಲಿ ಕೀವು ಇವುಗಳಿಗೆ ಕೂಡಲೇ ಬನ್ನಿ ಎಂದು ಬರೆದಿರುವಂತೆಯೇ ಹೊಸ ತಲೆನೋವು, ಕಣ್ಣು ಮಂಜಾಗುವುದು, ನಡವಳಿಕೆ ಬದಲಾಗುವುದು, ಮಾತು ತಡವರಿಸುವುದು ಎಂಬ ಸಾಲೂ ರೋಗಿಯ ಭಾಷೆಯಲ್ಲಿ ಅಷ್ಟೇ ದಪ್ಪಕ್ಷರದಲ್ಲಿ ಇರಬೇಕು. ಕೆಳಗೆ, ಯಾವುದೇ ಹೊಸ ಮಾತ್ರೆ ಶುರುಮಾಡುವ ಮುನ್ನ ಕರೆ ಮಾಡಬೇಕಾದ ಕಸಿ ವಿಭಾಗದ ನಂಬರ್ ಇರಬೇಕು, ಆ ಕರೆಗೆ ರಾತ್ರಿಯಲ್ಲೂ ಉತ್ತರಿಸುವವರಿರಬೇಕು.